ನೆಟ್‌ಹ್ಯಾಕ್, ಕ್ರಾಲ್, ಬ್ರೋಗ್: ಮೂರನ್ನೂ ಆಡಿ ನೋಡಿದೆ

ಈ ಮಳೆಗಾಲ ಪೂರ್ತಿ ಹಳೇ ಲ್ಯಾಪ್‌ಟಾಪಿನಲ್ಲಿ ಇವೇ ಮೂರು ಆಟ. ಮೂರರಲ್ಲೂ ಚಿತ್ರ ಬೇಕಿಲ್ಲ, ಅಕ್ಷರಗಳೇ ಎಲ್ಲ. ನೀವು ಒಂದು @, ಬಾಗಿಲು ಒಂದು +, ನೆಲ ಬರೀ ಚುಕ್ಕಿ. ಮೂರೂ 1980ರ ಸುಮಾರಿನ ರೋಗ್ ಆಟದ ವಂಶದವು. ಪ್ರತಿ ಸಲವೂ ಹೊಸ ನೆಲಮಾಳಿಗೆ, ಸತ್ತರೆ ಮತ್ತೆ ಮೊದಲಿಂದ.

ನೆಟ್‌ಹ್ಯಾಕ್ ಬಂದಿದ್ದು 1987ರಲ್ಲಿ. 80 ಕಾಲಂ, 24 ಸಾಲಿನ ಟರ್ಮಿನಲ್, ಅಂದರೆ ಬರೀ ಅಕ್ಷರ ತೋರಿಸುವ ಕಿಟಕಿ, ಇದ್ದರೆ ಸಾಕು. ಆದರೆ ಕಲಿಯೋದು ಕಷ್ಟ, ಅದನ್ನ ಮುಚ್ಚಿಡಲ್ಲ. ಚಿಕ್ಕ ಡಬ್ಲ್ಯೂ ಒತ್ತಿದರೆ ಆಯುಧ ಹಿಡಿಯೋದು, ದೊಡ್ಡ ಡಬ್ಲ್ಯೂ ಒತ್ತಿದರೆ ಕವಚ ತೊಡೋದು. ಮೊದಲ ವಾರ ಪಕ್ಕದಲ್ಲೊಂದು ಚೀಟಿ ಬರೆದಿಟ್ಟುಕೊಂಡೇ ಆಡಿದೆ.

ನಾಲ್ಕನೇ ಅಂತಸ್ತಿನಲ್ಲಿ ಒಂದು ನೀಲಿ ಬಣ್ಣದ ಇಂಗ್ಲಿಷ್ ಇ (e) ಅಕ್ಷರ ಕಂಡಿತು. ತೇಲುವ ಕಣ್ಣು ಎಂಬ ಪ್ರಾಣಿ. ಅದು ತಾನಾಗಿ ಏನೂ ಮಾಡುವುದಿಲ್ಲ, ಹತ್ತಿರ ಬರುವುದೂ ಅಪರೂಪ. ನಾನು ಕತ್ತಿ ಬೀಸಿದೆ, ಅದು ನನ್ನನ್ನು ನೋಡಿತು, ನನ್ನ ಕೈಕಾಲು ಮರಗಟ್ಟಿತು. ಆಮೇಲೆ ನರಿಗಳು ಬಂದು ಕಚ್ಚುತ್ತಲೇ ಹೋದವು, ನಾನು ಸುಮ್ನೆ ನೋಡುತ್ತಾ ಕೂತಿರಬೇಕಾಯಿತು. ಮುಂದಿನ ಸಲ ಅದೇ ಕಣ್ಣು ಸಿಕ್ಕಾಗ ದೂರ ನಿಂತು ಕಠಾರಿ ಎಸೆದೆ, ಆರಿಸಿಕೊಂಡೆ, ಮತ್ತೆ ಎಸೆದೆ. ಅದು ಸತ್ತ ಮೇಲೆ ತಿಂದೆ. ನಂತರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ, ಆ ಅಂತಸ್ತಿನಲ್ಲಿ ಬುದ್ಧಿಯಿರುವ ಪ್ರತಿ ಪ್ರಾಣಿಯೂ ಗೋಡೆಯಾಚೆಗಿದ್ದರೂ ಕಾಣುತ್ತಿತ್ತು! ನನ್ನನ್ನು ಕೊಂದದ್ದೇ ನನಗೆ ಕಣ್ಣಾಯಿತು. ಒಂದೇ ಒಂದು ಅಕ್ಷರದಲ್ಲಿ ಇಷ್ಟೆಲ್ಲ ಅಡಗಿಸಿಟ್ಟವರನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಡಂಜನ್ ಕ್ರಾಲ್ ಸ್ಟೋನ್ ಸೂಪ್ ಇದಕ್ಕೆ ಪೂರ್ತಿ ಉಲ್ಟಾ. 1997ರ ಹಳೆಯ ಕ್ರಾಲ್ ಅನ್ನು 2006ರಿಂದ ಬೇರೆಯವರು ಸೇರಿ ಮುಂದುವರಿಸುತ್ತಿದ್ದಾರೆ. ಇಲ್ಲಿ ಗುಟ್ಟು ಕಮ್ಮಿ, ಲೆಕ್ಕಾಚಾರ ಜಾಸ್ತಿ. ಓ (o) ಒತ್ತಿದರೆ ನಿಮ್ಮ @ ತಾನಾಗಿಯೇ ಸುತ್ತಾಡುತ್ತದೆ, ಶತ್ರು ಕಂಡ ಕೂಡಲೇ ನಿಲ್ಲುತ್ತದೆ. ಎದುರಿರುವುದು ಎಷ್ಟು ಅಪಾಯದ್ದು ಅಂತ ಆಟವೇ ಹೇಳುತ್ತದೆ. ಅಂಗಡಿಗೆ ಸಾಮಾನು ಮಾರುವ ಹಾಗಿಲ್ಲ, 2021ರ ಆವೃತ್ತಿಯಲ್ಲಿ ಊಟದ ಗೋಜನ್ನೂ ತೆಗೆದರು. ಬೇಸರದ ಕೆಲಸ ಒಂದೂ ಉಳಿದಿಲ್ಲ. ಸೋತರೆ ತಪ್ಪು ನಿಮ್ಮದೇ, ಎಲ್ಲಿ ಎಡವಿದೆ ಅಂತಲೂ ಗೊತ್ತಾಗುತ್ತದೆ. ಮೂರರಲ್ಲಿ ಅತಿ ನ್ಯಾಯವಾದದ್ದು ಇದೇ. ಆದರೆ ಹತ್ತು ಸಲ ಆಡಿದ ಮೇಲೂ ಇನ್ನೊಬ್ಬರಿಗೆ ಹೇಳಬೇಕು ಅನ್ನಿಸುವ ಕತೆ ನನಗೆ ಒಂದೂ ಸಿಗಲಿಲ್ಲ, ಅದೊಂದೇ ಕೊರತೆ.

ಬ್ರೋಗ್ ನೋಡಲು ಚೆಂದ. ಅಕ್ಷರಗಳೇ, ಆದರೆ ನೀರು ಅಲೆಯಾಡುತ್ತದೆ, ಹುಲ್ಲು ಉರಿಯುತ್ತದೆ. 100 ಕಾಲಂ, 34 ಸಾಲು ಬೇಕು, ಸಾಮಾನ್ಯವಾಗಿ ತನ್ನದೇ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ, ಹಾಗಾಗಿ ಅಪ್ಪಟ ಟರ್ಮಿನಲ್ ಬೇಕು ಅನ್ನುವವರಿಗೆ ಸ್ವಲ್ಪ ನಿರಾಸೆಯಾಗಬಹುದು. ಕೊಂದಷ್ಟಕ್ಕೆ ಶಕ್ತಿ ಹೆಚ್ಚುವ ಪದ್ಧತಿಯೇ ಇಲ್ಲಿಲ್ಲ, ಅದಕ್ಕೇ ಓಡಿಹೋದರೂ ನಷ್ಟವಿಲ್ಲ. ಒಮ್ಮೆ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರ ಗುಂಪು ಬೆನ್ನಟ್ಟಿತು. ಜೌಗು ನೆಲ ದಾಟಿ ಆಚೆ ನಿಂತು ಬೆಂಕಿಯ ಸೀಸೆ ಎಸೆದೆ. ಜೌಗಿನ ಮೇಲೆ ಸೇರಿದ್ದ ಅನಿಲ ಸಿಡಿಯಿತು, ಪರದೆಯೆಲ್ಲ ಕಿತ್ತಳೆ ಬಣ್ಣ, ಗಾಬ್ಲಿನ್ ಒಂದೂ ಉಳಿಯಲಿಲ್ಲ.

ಮೊದಲ ಸಲ ಆಡುವವರು ಬ್ರೋಗ್ ಹಾಕಿಕೊಳ್ಳಿ, ಸಂಜೆ ಒಂದು ಗಂಟೆ ಸಿಕ್ಕರೂ ಸಾಕು. ಚದುರಂಗದಂಥ ಯೋಚನೆ ಇಷ್ಟನಾ, ಹಾಗಾದರೆ ಕ್ರಾಲ್. ನಾನಂತೂ ನೆಟ್‌ಹ್ಯಾಕ್ ಬಿಡುವುದಿಲ್ಲ. ಇನ್ನೂ ಗೆದ್ದಿಲ್ಲ. ಈಗ ಹನ್ನೆರಡನೇ ಅಂತಸ್ತಿನಲ್ಲಿದ್ದೇನೆ, ಕಣ್ಣಿಗೆ ಕಟ್ಟುವ ಬಟ್ಟೆ ಚೀಲದಲ್ಲೇ ಇದೆ.