ಆರಡಿ ಕೃತಕ ಕ್ರಿಸ್‌ಮಸ್ ಟ್ರೀ: ಡಬ್ಬದ ಮೇಲಿನ ಫೋಟೋ ನಂಬಬೇಡಿ, ಸ್ಟ್ಯಾಂಡ್ ನೋಡಿ

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೃತಕ ಕ್ರಿಸ್‌ಮಸ್ ಟ್ರೀ ಮಾರುವವರು ತೋರಿಸುವುದು ಎರಡೇ ಸಂಗತಿ: ಎತ್ತರ ಮತ್ತು ಫೋಟೋ. ಮರ ಮನೆಯಲ್ಲಿ ಚೆನ್ನಾಗಿ ಕಾಣುತ್ತದೋ ಇಲ್ಲವೋ ಎಂಬುದು ಇವೆರಡರಿಂದ ಗೊತ್ತಾಗುವುದಿಲ್ಲ. ಕೊಂಬೆ ಯಾವುದರಿಂದ ಮಾಡಿದ್ದು, ಕಾಂಡಕ್ಕೆ ಹೇಗೆ ಸೇರಿಕೊಂಡಿದೆ, ಬುಡದ ಸ್ಟ್ಯಾಂಡ್ ಎಂಥದ್ದು, ಇವು ಮುಖ್ಯ. ಮನೆಗಳಿಗೆ ಹೆಚ್ಚಾಗಿ ಹೊಂದುವ ಆರಡಿ, ಅಂದರೆ 1.8 ಮೀಟರ್ ಎತ್ತರದ ಮೂರು ಬಗೆಗಳನ್ನು ಇಲ್ಲಿ ನೋಡಿದ್ದೇವೆ: ಪೂರ್ತಿ ಪಿವಿಸಿ, ಪಿಇ ಮತ್ತು ಪಿವಿಸಿ ಬೆರೆತದ್ದು, ದೀಪ ಕಟ್ಟಿಕೊಂಡೇ ಬರುವ ಪ್ರೀ-ಲಿಟ್. (ಪಿವಿಸಿ, ಪಿಇ ಎರಡೂ ಪ್ಲಾಸ್ಟಿಕ್ಕಿನ ಬಗೆಗಳು.) ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬೆರೆತ ಬಗೆ, ಕೀಲಿನ ಕೊಂಬೆ, ಲೋಹದ ಸ್ಟ್ಯಾಂಡ್ ಇರುವುದನ್ನು ಕೊಳ್ಳಿ. ದೀಪ ಬೇರೆ ಕೊಂಡು ನೀವೇ ಕಟ್ಟಿ.

ಈ ವಸ್ತುವಿನ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದರೆ, ಅದು ಮನೆಯಲ್ಲಿ ನಿಲ್ಲುವ ಕಾಲ ಲೆಕ್ಕ ಹಾಕಿ. ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಂದೇ ಮರ ನಿಲ್ಲಿಸಿ ಜನವರಿ 6ರ ಪ್ರಭು ಪ್ರಕಟಣೆಯ ಹಬ್ಬದವರೆಗೆ ಇಡುವ ಮನೆಗಳಲ್ಲಿ ಅದು ಐದಾರು ವಾರ ನಿಂತಿರುತ್ತದೆ. ನೆಂಟರು, ಕ್ಯಾರಲ್ ತಂಡ, ಓಡಾಡುವ ಮಕ್ಕಳು ಎಲ್ಲರೂ ಅದರ ಪಕ್ಕದಲ್ಲೇ ಹಾದುಹೋಗಬೇಕು. ಡಿಸೆಂಬರ್ 24ರ ಸಂಜೆಯಷ್ಟೇ ಮರ ನಿಲ್ಲಿಸುವ ಮನೆಗಳಿಗೆ ಅಗ್ಗದ್ದೂ ನಡೆಯುತ್ತದೆ.

ಮೊದಲು ಅಳತೆ. ಡಬ್ಬದ ಮೇಲೆ ಬರೆದ ಎತ್ತರದಲ್ಲಿ ಸ್ಟ್ಯಾಂಡೂ ಸೇರಿರುತ್ತದೆ, ನೆಟ್ಟಗೆ ಎತ್ತಿ ನಿಲ್ಲಿಸಿದ ತುದಿಯ ಒಂಟಿ ಕಡ್ಡಿಯೂ ಸೇರಿರುತ್ತದೆ. ನಕ್ಷತ್ರ ಏರಿಸಿದ ಮೇಲೆ ಇನ್ನೂ ಇಪ್ಪತ್ತು ಸೆಂಟಿಮೀಟರ್ ಬೇಕು. ಆದ್ದರಿಂದ ಸೂರಿಗೂ ಮರಕ್ಕೂ ನಡುವೆ ಕನಿಷ್ಠ 30 ಸೆಂ.ಮೀ. ಇರಲಿ. ಎತ್ತರಕ್ಕಿಂತ ಮೋಸ ಮಾಡುವುದು ಅಗಲ. ‘ಫುಲ್’ ಎಂದು ಬರೆದ ಆರಡಿ ಮರದ ಬುಡ ಸುಮಾರು 110–125 ಸೆಂ.ಮೀ. ಹರಡಿಕೊಳ್ಳುತ್ತದೆ, ‘ಸ್ಲಿಮ್’ ಆದರೆ 75–90. ಜನ ಸೇರುವ ಹಾಲ್‌ನಲ್ಲೇ ಮರ ಇಡುವುದಾದರೆ ಸ್ಲಿಮ್ ಕೊಳ್ಳುವುದು ಬುದ್ಧಿವಂತಿಕೆ. ನೆಲದ ಮೇಲೆ ಅಷ್ಟಗಲದ ಒಂದು ವೃತ್ತವನ್ನು ದಾರದಲ್ಲಿ ಹಾಕಿ ಎರಡು ದಿನ ಅದನ್ನು ತುಳಿಯದೆ ಓಡಾಡಿ ನೋಡಿ, ಗೊತ್ತಾಗುತ್ತದೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಇಡುವವರು ಇನ್ನೊಂದು ಅಳತೆ ಕೇಳಬೇಕು, ಅದನ್ನು ಯಾವ ಡಬ್ಬದ ಮೇಲೂ ದೊಡ್ಡದಾಗಿ ಬರೆದಿರುವುದಿಲ್ಲ: ಅತಿ ಕೆಳಗಿನ ಕೊಂಬೆ ನೆಲದಿಂದ ಎಷ್ಟು ಮೇಲಿದೆ? 15 ಸೆಂ.ಮೀ. ಎತ್ತರದ ಗೊಂಬೆಗಳಿಗೆ ಕೊಟ್ಟಿಗೆ ಸೇರಿ 30 ಸೆಂ.ಮೀ. ಬೇಕು. ದಟ್ಟ ಮರಗಳಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಮೇಲಾಗಿ ಗೋದಲಿ ಎಂದರೆ ಒಮ್ಮೆ ಇಟ್ಟು ಮರೆಯುವ ವಸ್ತುವಲ್ಲ. ಬಾಲ ಯೇಸುವನ್ನು ಇಡುವುದು 24ರ ರಾತ್ರಿ. ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಗೊಂಬೆಗಳನ್ನು ದೂರದಿಂದ ದಿನಕ್ಕಿಷ್ಟು ಸರಿಸುತ್ತ ಜನವರಿ 6ಕ್ಕೆ ಕೊಟ್ಟಿಗೆ ಮುಟ್ಟಿಸುವ ಮನೆಗಳೂ ಇವೆ. ಪ್ರತಿ ಸಲ ಕೊಂಬೆಯಡಿ ಕೈ ತೂರಿಸಿದರೆ ಅಲಂಕಾರದ ಚೆಂಡು ಉದುರುವುದು ಖಂಡಿತ. ಜಾಗ ಕಡಿಮೆಯಿದ್ದರೆ ಗೋದಲಿಯನ್ನು ಮರದ ಪಕ್ಕ ಗಿಡ್ಡ ಮೇಜಿನ ಮೇಲೆ ಇಡಿ.

ಈಗ ಕೊಂಬೆ. ಪಿವಿಸಿ ಕೊಂಬೆಯೆಂದರೆ ಹಸಿರು ಹಾಳೆಯನ್ನು ಸಣ್ಣ ಎಳೆಗಳಾಗಿ ಸೀಳಿ ಎರಡು ತಂತಿಗಳ ನಡುವೆ ಹುರಿ ಮಾಡಿದ್ದು. ಬಾಟಲಿ ತೊಳೆಯುವ ಬ್ರಷ್ ಮಾಡುವ ಕ್ರಮವೂ ಇದೇ, ಅಗ್ಗದ ಮರ ಹಾಗೆ ಕಾಣುವುದಕ್ಕೂ ಇದೇ ಕಾರಣ. ಪಿಇ ಎಲೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ಎಲೆಗೆ ದಪ್ಪವಿರುತ್ತದೆ, ಹತ್ತಿರದಿಂದಲೂ ನಿಜದ ಫರ್ ಮರದ ಕೊಂಬೆಯಂತಿರುತ್ತದೆ. ಪೂರ್ತಿ ಪಿಇ ಮರ ದುಬಾರಿ, ಭಾರವೂ ಹೌದು, ಒಳಗೆ ಟೊಳ್ಳಾಗಿಯೂ ಕಾಣುತ್ತದೆ. ಬೆರೆತ ಬಗೆಯಲ್ಲಿ ಹೊರತುದಿಗೆ ಪಿಇ, ಕಾಂಡದ ಹತ್ತಿರ ತುಂಬಿಕೊಳ್ಳಲು ಪಿವಿಸಿ ಇರುತ್ತದೆ. ಕಣ್ಣಿಗೆ ಬೀಳುವುದು ಹೊರತುದಿಯೇ ಆದ್ದರಿಂದ ಕೊಟ್ಟ ದುಡ್ಡಿಗೆ ಇದೇ ಹೆಚ್ಚು ನ್ಯಾಯ. ಎಚ್ಚರಿಕೆ: ನೂರರಲ್ಲಿ ಹತ್ತು ತುದಿ ಮಾತ್ರ ಪಿಇ ಇದ್ದರೂ ‘ಪಿಇ ಮರ’ ಎಂದೇ ಮಾರುವವರಿದ್ದಾರೆ. ಪಾಲು ಎಷ್ಟು ಎಂದು ಕೇಳಿ. ಮೂರರಲ್ಲಿ ಒಂದು ಭಾಗವಾದರೂ ಇರಲಿ.

ಟಿಪ್ ಲೆಕ್ಕವನ್ನು, ಅಂದರೆ ಕೊಂಬೆಗಳ ತುದಿಗಳ ಎಣಿಕೆಯನ್ನು, ಅಳತೆಗೋಲಾಗಿ ಬಳಸಬಹುದು, ಆದರೆ ಅದೊಂದನ್ನೇ ನಂಬಬಾರದು. ಆರಡಿಯ ಪಿವಿಸಿ ಮರಕ್ಕೆ 700ರಿಂದ 1,000 ತುದಿ ಇದ್ದರೆ ಸಾಕಷ್ಟು ದಟ್ಟ. 400ಕ್ಕಿಂತ ಕಡಿಮೆಯಿದ್ದರೆ ಎಷ್ಟೇ ಬಿಡಿಸಿದರೂ ನಡುವಿನ ಕಂಬ ಕಾಣುತ್ತದೆ. ತುದಿಗಳನ್ನು ತೀರಾ ತೆಳ್ಳಗೆ ಮಾಡಿ ಸಂಖ್ಯೆ ಹೆಚ್ಚಿಸುವುದು ಸುಲಭವಾದ್ದರಿಂದ ತೂಕವನ್ನೂ ನೋಡಿ. ಒಂದೇ ಎತ್ತರ, ಒಂದೇ ಟಿಪ್ ಸಂಖ್ಯೆಯ ಎರಡು ಪಿವಿಸಿ ಮರಗಳಲ್ಲಿ ಭಾರವಾದದ್ದರಲ್ಲಿ ತಂತಿ ದಪ್ಪಗಿರುತ್ತದೆ. ತಂತಿ ತೆಳುವಾದರೆ ಅಲಂಕಾರ ತೂಗುಹಾಕಿದ ಕೂಡಲೇ ಕೊಂಬೆ ಜೋತುಬೀಳುತ್ತದೆ. ಕಾಂಡಕ್ಕೆ ಸೇರುವ ಕಡೆ ಕೀಲು ಇದ್ದರೆ ಕೊಂಬೆ ತಾನಾಗಿ ಕೆಳಗಿಳಿದು ಕೂರುತ್ತದೆ. ಕೊಕ್ಕೆ ಬಗೆಯಲ್ಲಿ ಪ್ರತಿ ಕೊಂಬೆಯನ್ನೂ ಬಣ್ಣದ ಗುರುತು ನೋಡಿ ಕೈಯಾರೆ ಸಿಕ್ಕಿಸಬೇಕು. ಕೆಲವು ವರ್ಷಕ್ಕೆ ಬಣ್ಣ ಸವೆದುಹೋಗಿ ಯಾವ ಕೊಂಬೆ ಯಾವ ಸಾಲಿಗೆ ಎಂಬುದೇ ಒಗಟಾಗುತ್ತದೆ. ಈಗಾಗಲೇ ಅಂಥದ್ದು ಮನೆಯಲ್ಲಿದ್ದರೆ ಕೊಂಬೆಗಳನ್ನು ಉದ್ದದ ಪ್ರಕಾರ ವಿಂಗಡಿಸಿ. ಅತಿ ಉದ್ದದ್ದು ಬುಡದ ಸಾಲು.

ಮಾರುವವರು ಅತಿ ಹೆಚ್ಚು ಉಳಿತಾಯ ಮಾಡುವುದು ಸ್ಟ್ಯಾಂಡ್‌ನಲ್ಲಿ. ಮೂರು ಕಾಲಿನ ಪ್ಲಾಸ್ಟಿಕ್ ಸ್ಟ್ಯಾಂಡ್‌ನಲ್ಲಿ ಕಂಬ ಕೂರುವ ಕೊಳವೆಯೇ ಮೊದಲು ಬಿರುಕು ಬಿಡುತ್ತದೆ. ಆಮೇಲೆ ಆ ಮರ ನೆಟ್ಟಗೆ ನಿಲ್ಲದು. ಬೇಕಾದದ್ದು ಮಡಚುವ ನಾಲ್ಕು ಕಾಲಿನ ಲೋಹದ ಸ್ಟ್ಯಾಂಡ್, ಕಾಲುಗಳಿಗೆ ರಬ್ಬರ್ ಟೋಪಿ, ಕಂಬ ಬಿಗಿಯಲು ಎರಡೋ ಮೂರೋ ಕೈತಿರುಪು. ಮರ ಓಲಾಡಿದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಕೆಳಗಿನ ಕಂಬ ಕೊಳವೆಯ ತಳ ಮುಟ್ಟಿರುವುದಿಲ್ಲ. ಇನ್ನೊಂದು, ಒಂದು ತಿರುಪನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಕೈ ಹಾಕಿದ್ದು. ಆಗ ಕಂಬ ಒಂದು ಪಕ್ಕಕ್ಕೆ ವಾಲಿಯೇ ಕೂರುತ್ತದೆ. ತಿರುಪುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪುಟ್ಟ ಮಕ್ಕಳೋ ಬೆಕ್ಕೋ ಇರುವ ಮನೆಯಲ್ಲಿ ಕಂಬದ ಮೇಲ್ಭಾಗವನ್ನು ನೈಲಾನ್ ದಾರದಿಂದ ಹಿಂದಿನ ಗೋಡೆಯ ಕೊಕ್ಕೆಗೆ ಕಟ್ಟುವುದನ್ನು ತಪ್ಪಿಸಬೇಡಿ.

ಕೊಂಬೆ ಬಿಡಿಸುವ ಕೆಲಸಕ್ಕೆ ಒಂದೂವರೆ ತಾಸು ಎತ್ತಿಡಿ. ಕೈಗವಸು ಹಾಕಿಕೊಳ್ಳಿ, ತಂತಿಯ ತುದಿ ಚುಚ್ಚುತ್ತದೆ. ಬುಡದ ಭಾಗವನ್ನಷ್ಟೇ ನಿಲ್ಲಿಸಿ ಅದನ್ನು ಪೂರ್ತಿ ಬಿಡಿಸಿದ ಮೇಲೆ ಮುಂದಿನ ಭಾಗ ಏರಿಸಿ. ಮೂರೂ ಭಾಗ ಜೋಡಿಸಿಬಿಟ್ಟರೆ ಕೆಳಗಿನ ಕೊಂಬೆಗಳ ಒಳಭಾಗಕ್ಕೆ ಕೈ ಹೋಗುವುದಿಲ್ಲ. ಪ್ರತಿ ಕೊಂಬೆಯಲ್ಲೂ ಕಾಂಡದ ಹತ್ತಿರದ ಕಡ್ಡಿಯಿಂದ ಶುರುಮಾಡಿ ಹೊರಕ್ಕೆ ಬನ್ನಿ. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ. ಹೆಚ್ಚಿನವರು ತುದಿಯನ್ನಷ್ಟೇ ಬಿಡಿಸಿ ನಿಲ್ಲಿಸುತ್ತಾರೆ. ಮಧ್ಯದಲ್ಲಿ ಕಂಬ ಕಾಣಿಸಿ ಮರ ಬಡವಾಗುವುದು ಅದರಿಂದಲೇ. ಅದಕ್ಕೆ ಬೈಗುಳ ತಿನ್ನುವುದು ಮಾತ್ರ ಮರ.

ಹೊಸ ಪಿವಿಸಿಗೆ ವಾಸನೆ ಇದ್ದೇ ಇರುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಬಿಚ್ಚಿಡಿ. ಮೊದಲ ವರ್ಷ ಒಂದಿಷ್ಟು ಎಳೆ ಉದುರುವುದೂ ಸಹಜ. ಹಳೆಯ ಮರಗಳ ಮಾತು ಬೇರೆ. ಪಿವಿಸಿ ಬೇಗ ಕೆಡದಿರಲೆಂದು ಹಿಂದೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಎಳೆಗಳು ಪುಡಿಯಾಗಿ ಉದುರುವಷ್ಟು ಹಳೆಯದಾದ ಮರವನ್ನು ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹಿಮ ಮೆತ್ತಿದಂತೆ ಕಾಣುವ ಬಿಳಿ ಮರ ಬೇಡವೆಂದೇ ಹೇಳುತ್ತೇವೆ. ಮುಟ್ಟಿದಲ್ಲೆಲ್ಲ ಬಿಳಿ ಪುಡಿ ಉದುರುತ್ತದೆ, ತೇವವಿರುವ ಕಡೆ ಇಟ್ಟರೆ ಹಳದಿಗಟ್ಟುತ್ತದೆ.

ಪ್ರೀ-ಲಿಟ್ ಬಗೆ ಮೊದಲ ವರ್ಷ ಸ್ವರ್ಗ. ಪ್ಲಗ್ ಹಾಕಿದರೆ ಸಾಕು, ಮರ ಬೆಳಗುತ್ತದೆ. ತೊಂದರೆಯೆಂದರೆ ಮರದ ಆಯಸ್ಸು ದೀಪದ ಆಯಸ್ಸಿಗಿಂತ ಉದ್ದ. ನಡುವಿನ ಭಾಗ ಒಂದು ದಿನ ಕತ್ತಲಾದಾಗ, ಪ್ರತಿ ಕಡ್ಡಿಗೂ ಸುತ್ತಿ ಕ್ಲಿಪ್ ಹಾಕಿದ ವೈರನ್ನು ಬಿಚ್ಚಲು ಒಂದು ಸಂಜೆ ಸಾಲುವುದಿಲ್ಲ. ಕೊನೆಗೆ ಅದರ ಮೇಲೆಯೇ ಇನ್ನೊಂದು ಸರ ಸುತ್ತುವವರೇ ಹೆಚ್ಚು. ಅಷ್ಟಕ್ಕೆ ಹೆಚ್ಚು ದುಡ್ಡು ಯಾಕೆ?

ಮರಕ್ಕೆ ವಿದ್ಯುತ್ ದೀಪ ಕಟ್ಟುವುದು 1882ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಎಡಿಸನ್ ಅವರ ಸಹವರ್ತಿ ಎಡ್ವರ್ಡ್ ಜಾನ್ಸನ್ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬ್ ಹಾಕಿದ್ದರು. ಈಗ ಅಡಿಗೆ ನೂರು ಬಲ್ಬ್ ಎಂಬ ಲೆಕ್ಕ ಹೇಳುತ್ತಾರೆ. ಆರಡಿಗೆ ಆರುನೂರು. ಮನೆಯೊಳಗೆ ಅದು ಕಣ್ಣು ಕೋರೈಸುವಷ್ಟಾಯಿತು, 300–400 ಸಾಕು. ಎಲ್‌ಇಡಿ ಸರವೇ ಇರಲಿ, ಅದರಲ್ಲೂ ಅಡಾಪ್ಟರ್ ಮೂಲಕ ಕಡಿಮೆ ವೋಲ್ಟೇಜಿನಲ್ಲಿ ನಡೆಯುವಂಥದ್ದು. ನೇರ ಮೇನ್ಸ್‌ಗೆ ಸಿಕ್ಕಿಸುವ ಅಗ್ಗದ ಸರಗಳು ಮಿಣುಕುತ್ತವೆ. ಬರಿಗಣ್ಣಿಗೆ ಕಾಣದಿದ್ದರೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬಣ್ಣ ವಾರ್ಮ್ ವೈಟ್, 2,700ರಿಂದ 3,000 ಕೆಲ್ವಿನ್. ಕೂಲ್ ವೈಟ್ ದೀಪ ಹಸಿರು ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಾಗಿಯೇ ತೋರಿಸುತ್ತದೆ.

ಕಟ್ಟುವ ಮೊದಲು ಸರವನ್ನು ನೆಲದ ಮೇಲೆ ಹರಡಿ ಹದಿನೈದು ನಿಮಿಷ ಉರಿಸಿ ನೋಡಿ. ಅರ್ಧ ಸರ ಮಾತ್ರ ಉರಿಯದಿದ್ದರೆ ಗಾಬರಿ ಬೇಡ. ಉದ್ದದ ಸರದೊಳಗೆ ಬಲ್ಬುಗಳು ಗುಂಪುಗುಂಪಾಗಿ ಸರಣಿಯಲ್ಲಿರುತ್ತವೆ, ಒಂದು ಬಲ್ಬ್ ಸಡಿಲವಾದರೂ ಆ ಇಡೀ ಗುಂಪು ಆರುತ್ತದೆ. ಬಲ್ಬ್ ತೆಗೆದು ಹಾಕುವಂಥ ಸರವಾದರೆ, ಪ್ಲಗ್ ತೆಗೆದು ಆ ಗುಂಪಿನ ಬಲ್ಬುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ. ಸುತ್ತುವಾಗ ಮರದ ಸುತ್ತ ಪ್ರದಕ್ಷಿಣೆ ಬರಬೇಡಿ. ಮರವನ್ನು ನಿಂತ ನಿಲುವಿನಲ್ಲೇ ಮೂರು ಪಾಲಾಗಿ ಭಾವಿಸಿ, ಪ್ರತಿ ಪಾಲಿಗೂ ಒಂದು ಸರವನ್ನು ಬುಡದಿಂದ ತುದಿಗೆ ಎಡಬಲ ಹಾವಿನ ನಡೆಯಲ್ಲಿ ಏರಿಸಿ. ಸರ ಕೆಟ್ಟರೆ ಅದೊಂದನ್ನೇ ಇಳಿಸಬಹುದು, ಬಿಚ್ಚುವಾಗ ಗಂಟೂ ಬೀಳುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುವ ಮಿತಿ ಲೇಬಲ್ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ.

ಅಲಂಕಾರದ್ದು ಅವರವರ ರುಚಿ. ಭಾರದ ಚೆಂಡುಗಳು ಒಳಗೆ ಕಾಂಡದ ಹತ್ತಿರ, ಹಗುರವಾದವು ತುದಿಗೆ, ಇಷ್ಟು ಸಾಕು. ನಕ್ಷತ್ರದ ಭಾರಕ್ಕೆ ತುದಿಯ ಕಡ್ಡಿ ಬಾಗಿದರೆ ಅದಕ್ಕೆ ಬಿದಿರಿನ ಕಡ್ಡಿಯೊಂದನ್ನು ಹಸಿರು ಟೇಪಿನಲ್ಲಿ ಸುತ್ತಿ.

‘ಫ್ಲೇಮ್ ರಿಟಾರ್ಡೆಂಟ್’ ಎಂಬ ಲೇಬಲ್ ಇಲ್ಲದ ಮರ ಕೊಳ್ಳಬೇಡಿ. ಆದರೆ ಅದರರ್ಥ ಬೇಗ ಹೊತ್ತಿಕೊಳ್ಳದು ಎಂದಷ್ಟೇ, ಉರಿಯುವುದೇ ಇಲ್ಲ ಎಂದಲ್ಲ. ಆಗಮನ ಕಾಲದ ಹಾರದಲ್ಲಿ (ಮೇಣದಬತ್ತಿ ನಿಲ್ಲಿಸುವ ಹಸಿರೆಲೆಯ ಬಳೆ) ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ ವಾರಕ್ಕೊಂದರಂತೆ ಕೂಡಿಕೊಳ್ಳುತ್ತ ಹೋಗಿ, ನಾಲ್ಕನೇ ಭಾನುವಾರ ನಾಲ್ಕೂ ಒಟ್ಟಿಗೆ ಉರಿಯುತ್ತವೆ. ಆ ಹಾರ ಊಟದ ಮೇಜಿನ ಮೇಲಿರಲಿ. ಮರದಿಂದ ಒಂದು ಮೀಟರಾದರೂ ದೂರ ಬೇಕು. ರಾತ್ರಿ ಮಲಗುವಾಗ, ಎಲ್ಲರೂ ಚರ್ಚಿಗೆ ಹೊರಟಾಗ ಮರದ ಪ್ಲಗ್ ತೆಗೆಯಬೇಕು. ಹತ್ತು ಜನ ಹೊರಡುವ ಗಡಿಬಿಡಿಯಲ್ಲಿ ಮರೆಯುವುದು ಇದನ್ನೇ. ಟೈಮರ್ ಪ್ಲಗ್ ಒಂದು ಹಾಕಿಬಿಟ್ಟರೆ ಆ ಯೋಚನೆ ತಪ್ಪುತ್ತದೆ.

ಇಳಿಸುವಾಗ ಬಂದ ಡಬ್ಬಕ್ಕೇ ಮರಳಿ ತುಂಬಲು ಹೋಗಬೇಡಿ. ಕಾರ್ಖಾನೆಯಲ್ಲಿ ಯಂತ್ರ ಒತ್ತಿದ್ದನ್ನು ಕೈ ಒತ್ತಲಾರದು, ಒತ್ತಿದರೂ ಕಡ್ಡಿ ಮುರಿಯುತ್ತದೆ. ಮೊದಲು ದೀಪ ಬಿಚ್ಚಿ ರಟ್ಟಿನ ತುಂಡಿಗೆ ಸುತ್ತಿಡಿ. ಕೀಲಿನ ಕೊಂಬೆಗಳನ್ನು ಮೇಲಕ್ಕೆ ಮಡಚಿ, ಪ್ರತಿ ಭಾಗವನ್ನೂ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಜಿಪ್ ಇರುವ ಉದ್ದನೆಯ ಬ್ಯಾಗಿನಲ್ಲಿ ಮಲಗಿಸಿ. ಸೂರಿನಡಿಯ ಬಿಸಿ ಅಟ್ಟ ಬೇಡ, ಶಾಖಕ್ಕೆ ಪಿವಿಸಿ ಮೆತ್ತಗಾಗಿ ಒತ್ತಿದ ಆಕಾರದಲ್ಲೇ ನಿಂತುಬಿಡುತ್ತದೆ. ಸ್ಟ್ಯಾಂಡಿನ ತಿರುಪುಗಳನ್ನು ಒಂದು ಪುಟ್ಟ ಚೀಲಕ್ಕೆ ಹಾಕಿ ಕೆಳಗಿನ ಕಂಬಕ್ಕೇ ಕಟ್ಟಿಡಿ. ಒಂದು ಕಳೆದರೂ ಅದೇ ಅಳತೆಯದು ಹೊರಗೆ ಸಿಗುವುದು ಕಷ್ಟ.