ಮ್ಯಾಮೋಗ್ರಾಂ ಓದಲು 5 ಮೆಗಾಪಿಕ್ಸೆಲ್ ಮಾನಿಟರ್: ಎಂಟು ತಿಂಗಳು ಬಳಸಿದ ಮೇಲೆ

ನಾನು ರೇಡಿಯಾಲಜಿಸ್ಟ್. ಮೊದಲು ಮ್ಯಾಮೋಗ್ರಾಂಗಳನ್ನು, ಅಂದರೆ ಸ್ತನದ ಎಕ್ಸ್-ರೇ ಚಿತ್ರಗಳನ್ನು, ಪ್ರಿಂಟ್ ಹಾಕಿಸಿ, ಹಿಂದಿನಿಂದ ಬೆಳಕು ಬೀಳುವ ವ್ಯೂ ಬಾಕ್ಸ್‌ಗೆ ಸಿಕ್ಕಿಸಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಎಂಟು ತಿಂಗಳಿಂದ ಐಜೋ ರೇಡಿಫೋರ್ಸ್ ಜಿಎಕ್ಸ್560 ಬಳಸುತ್ತಿದ್ದೇನೆ. 21.3 ಇಂಚು, ಕಪ್ಪು-ಬಿಳುಪು, 2048 × 2560 ಪಿಕ್ಸೆಲ್. ಆಫೀಸಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇರುವುದು ಬರೀ 2 ಮೆಗಾಪಿಕ್ಸೆಲ್, ಅಲ್ವಾ? ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಚಿತ್ರ ತೆರೆದ ದಿನ ನಿಜಕ್ಕೂ ಬೇಜಾರಾಯಿತು, ಇಷ್ಟು ದಿನ ಏನೇನು ಬಿಟ್ಟುಹೋಗಿತ್ತೋ ಅಂತ.

ನಮ್ಮ ಕೆಲಸದಲ್ಲಿ ಹುಡುಕುವುದು ರವೆ ಕಾಳಿಗಿಂತ ಸಣ್ಣ, ಕ್ಯಾನ್ಸರ್ ಸುಳಿವಾಗಬಹುದಾದ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಗಳನ್ನು. ಇನ್ನು ಸ್ತನ ದಟ್ಟವಾಗಿದ್ದರೆ ಅಂಗಾಂಶವೂ ಬಿಳಿ, ಗಂಟೂ ಬಿಳಿ. ಹಾಲಿನಲ್ಲಿ ಬಿದ್ದ ಅನ್ನದ ಅಗುಳು ಹುಡುಕಿದ ಹಾಗೆ. ಅಲ್ಲಿ ವಿಂಡೋ-ಲೆವೆಲ್ (ಚಿತ್ರದ ಕಾಂಟ್ರಾಸ್ಟ್, ಹೊಳಪು ಬದಲಿಸುವ ಸೌಲಭ್ಯ) ಎಳೆದರೆ ಬಿಳಿಯಲ್ಲೇ ಬೇರೆ ಬೇರೆ ಛಾಯೆ ಬಿಡಿಸಿಕೊಳ್ಳುತ್ತದೆ. ಪ್ರಿಂಟ್‌ನಲ್ಲಿ ಇದು ಸಾಧ್ಯವೇ ಇಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 49,500 ಹೆಂಗಸರ ಮೇಲೆ ನಡೆದ ಡಿಮಿಸ್ಟ್ ಅಧ್ಯಯನ 2005ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ಒಟ್ಟಾರೆ ಫಿಲ್ಮ್ ಮತ್ತು ಡಿಜಿಟಲ್ ಹೆಚ್ಚುಕಡಿಮೆ ಸಮ, ಆದರೆ 50 ದಾಟದವರಲ್ಲಿ, ದಟ್ಟ ಸ್ತನ ಇರುವವರಲ್ಲಿ ಡಿಜಿಟಲ್ ಮೇಲು.

5 ಮೆಗಾಪಿಕ್ಸೆಲ್ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಎಕ್ಸ್-ರೇ ಹಿಡಿಯುವ ದೊಡ್ಡ ಡಿಟೆಕ್ಟರ್‌ನ ಚಿತ್ರ ಪಿಕ್ಸೆಲ್ ಲೆಕ್ಕದಲ್ಲಿ ಈ ಪರದೆಗಿಂತಲೂ ದೊಡ್ಡದು, ಪೂರ್ತಿ ತೋರಿಸಲು ಅದನ್ನು ಕುಗ್ಗಿಸಲೇಬೇಕು. ಅದಕ್ಕೇ ನಾನು ಒಂದಕ್ಕೆ ಒಂದು ಅಳತೆಗೆ (ಚಿತ್ರದ ಒಂದು ಪಿಕ್ಸೆಲಿಗೆ ಪರದೆಯ ಒಂದು ಪಿಕ್ಸೆಲ್) ಜೂಮ್ ಮಾಡಿ, ಗದ್ದೆಯಲ್ಲಿ ಕಳೆ ಕೀಳುವವರು ಸಾಲು ಹಿಡಿದು ಹೋಗುವ ಹಾಗೆ ಮೂಲೆಯಿಂದ ಮೂಲೆಗೆ ಹೋಗುತ್ತೇನೆ. ಹೊಳಪು ತಾನೇ ಅಳೆದುಕೊಳ್ಳಲು ಅಂಚಿನಲ್ಲಿ ಸೆನ್ಸರ್ ಇರುವುದು ದೊಡ್ಡ ಅನುಕೂಲ.

ನನ್ನ ತಕರಾರು ಮಾನಿಟರ್ ಮೇಲಲ್ಲ, ನಾವು ಮೊದಲು ಹಾಕಿಸಿಕೊಂಡಿದ್ದ ಒಂದು ವ್ಯೂವರ್ ಸಾಫ್ಟ್‌ವೇರ್ ಮೇಲೆ. ಅದರಲ್ಲಿ ಒಂದೇ ಬಟನ್ ಒತ್ತಿದರೆ ಕಾಂಟ್ರಾಸ್ಟ್ ಏರಿ ಅಂಚುಗಳೆಲ್ಲ ಚೂಪಾಗುತ್ತಿದ್ದವು. ನೋಡಲು ಚೆಂದ. ಆದರೆ ಅದು ಗುರುತನ್ನು ಎತ್ತಿ ತೋರಿಸುವಷ್ಟೇ ಜೋರಾಗಿ ನಾಯ್ಸನ್ನೂ (ಚಿತ್ರದಲ್ಲಿ ಸುಮ್ಮನೆ ಮೂಡುವ ಕಾಳುಕಾಳು ಚುಕ್ಕೆಗಳನ್ನೂ) ಎತ್ತಿ ತೋರಿಸುತ್ತದೆ. ಒಮ್ಮೆ ಅಂಥ ಚುಕ್ಕೆಗಳನ್ನು ನಂಬಿ ಒಬ್ಬ ತಾಯಿಯನ್ನು ಮತ್ತೆ ಕರೆಸಿದೆ. ಆ ಜಾಗವನ್ನಷ್ಟೇ ದೊಡ್ಡದಾಗಿಸಿ ತೋರಿಸುವ ಮ್ಯಾಗ್ನಿಫಿಕೇಶನ್ ವ್ಯೂ ತೆಗೆದಾಗ ಏನೂ ಇರಲಿಲ್ಲ. ಅವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. "ಡಾಕ್ಟ್ರೇ, ಏನೂ ಇಲ್ಲ ತಾನೇ?" ಅಂತ ಮೂರು ಸಲ ಕೇಳಿದರು. ಅವತ್ತಿಂದ ಎನ್‌ಹಾನ್ಸ್ ಮಾಡಿದ ಚಿತ್ರದಲ್ಲಿ ಏನೇ ಕಂಡರೂ, ಮೂಲ ಚಿತ್ರಕ್ಕೆ ವಾಪಸ್ ಹೋಗಿ, ಮೇಲಿಂದ ತೆಗೆದ ಸಿಸಿ ಮತ್ತು ಪಕ್ಕದಿಂದ ಓರೆಯಾಗಿ ತೆಗೆದ ಎಂಎಲ್‌ಒ ಎರಡೂ ವ್ಯೂಗಳಲ್ಲಿ ಹುಡುಕಿ ನೋಡದೆ ಒಂದಕ್ಷರ ಬರೆಯುವುದಿಲ್ಲ.

ಕೊಳ್ಳುವವರು ಕಿಟಕಿಗೆ ದಪ್ಪ ಪರದೆಯನ್ನೂ ಹಾಕಿಸಿ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಎಂಥ ಮಾನಿಟರ್ ಇದ್ದರೂ ಕಪ್ಪು ಕಪ್ಪಾಗಿ ಕಾಣುವುದಿಲ್ಲ. ತಪಾಸಣೆಗೆ ಬರುವ ಅಕ್ಕ, ಅಮ್ಮಂದಿರೇ, ಹಳೆಯ ಮ್ಯಾಮೋಗ್ರಾಂನ ಪ್ರಿಂಟ್ ಮಾತ್ರ ತರಬೇಡಿ, ಸಿಡಿಯನ್ನೂ ಕೇಳಿ ತೆಗೆದುಕೊಂಡು ಬನ್ನಿ.