ಪ್ಯಾಚ್ ಅಂಟಿದೆಯಾ ಅಂತ ನೋಡದೆ ಡೋಸ್ ಏರಿಸಿದರೆ ಒಪ್ಪಬೇಡಿ

ಮನೆಯಲ್ಲಿ ಪಾರ್ಕಿನ್ಸನ್ಸ್ (ಮೈ ನಡುಗಿ ಬಿಗಿಯಾಗುವ ನರಗಳ ಕಾಯಿಲೆ) ಇರುವವರಿಗೆ ರೊಟಿಗೊಟಿನ್ ಪ್ಯಾಚ್, ಅಂದರೆ ದಿನಕ್ಕೊಂದರಂತೆ ಚರ್ಮಕ್ಕೆ ಅಂಟಿಸುವ ಔಷಧಿಯ ಪಟ್ಟಿ, ಹಾಕುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಡೋಸ್ ಸಾಲುತ್ತಿಲ್ಲ, ಏರಿಸೋಣ ಅಂತ ಡಾಕ್ಟರ್ ಹೇಳಿದರೆ ಮೊದಲು ಅಂಗಿ ಎತ್ತಿ ಪ್ಯಾಚ್ ತೋರಿಸಿ. ಅದು ಎಷ್ಟು ಅಂಟಿದೆ ಅಂತ ಅವರೇ ನೋಡಲಿ.

ಅಪ್ಪ ಅಮ್ಮ ನಮ್ಮ ಜೊತೆ ಡಲ್ಲಾಸ್‌ನಲ್ಲಿದ್ದಾರೆ. ಅಪ್ಪನಿಗೆ ಲೆವೊಡೋಪಾ ಮಾತ್ರೆಯ ಜೊತೆಗೆ 4 ಮಿಲಿಗ್ರಾಂ ಪ್ಯಾಚ್ ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಬೇಸಿಗೆ ಬಂದ ಮೇಲೆ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕಾಲು ನೆಲಕ್ಕೆ ಕಚ್ಚಿಕೊಂಡ ಹಾಗೆ ನಿಂತುಬಿಡುತ್ತಿದ್ದರು, ರಾತ್ರಿ ಮಗ್ಗುಲು ಬದಲಿಸಲು ಅಮ್ಮನನ್ನು ಎಬ್ಬಿಸಬೇಕಿತ್ತು, ಬೆಳಗ್ಗೆ ಮೈಯೆಲ್ಲ ಬಿಗಿ. ಕ್ಲಿನಿಕ್‌ನವರು ವಿಡಿಯೋ ಕರೆಯಲ್ಲೇ ಕಾಯಿಲೆ ಮುಂದುವರಿದಿದೆ ಅಂದರು. 6 ಮಾಡಿದರು. ಆಮೇಲೆ 8. ಪ್ಯಾಚ್ ಸರಿಯಾಗಿ ಅಂಟುತ್ತಿದೆಯಾ ಅಂತ ಒಂದು ಸಲವೂ ಕೇಳಲಿಲ್ಲ.

ಆಗುತ್ತಿದ್ದದ್ದು ಇಷ್ಟೇ. ಏಜೆನ್ಸಿಯಿಂದ ಬರುತ್ತಿದ್ದ ಆರೈಕೆಯವರು ಸ್ನಾನ ಮಾಡಿಸಿ, ಮೈಗೆಲ್ಲ ಲೋಷನ್ ಹಚ್ಚಿ, ಅದರ ಮೇಲೆಯೇ ಪ್ಯಾಚ್ ಒತ್ತುತ್ತಿದ್ದರು. ಏಜೆನ್ಸಿ ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಮೇಲಿಂದ ಟೆಕ್ಸಾಸ್ ಸೆಕೆ. ಪಾರ್ಕಿನ್ಸನ್ಸ್‌ನಲ್ಲಿ ಎಷ್ಟೋ ಜನರಿಗೆ ಬೆವರು ಜಾಸ್ತಿ, ಚರ್ಮವೂ ಜಿಡ್ಡು. ಅಂಗಿಯೊಳಗೆ ಅರ್ಧ ಪ್ಯಾಚ್ ಎದ್ದು ನಿಂತಿರುತ್ತಿತ್ತು. ಈ ಔಷಧಿ ಚರ್ಮಕ್ಕೆ ತಾಗಿದ ಜಾಗದಿಂದ ಮಾತ್ರ ಒಳಗೆ ಹೋಗುತ್ತದೆ. 2 ಮಿಲಿಗ್ರಾಂ ಪ್ಯಾಚ್ 10 ಚದರ ಸೆಂಟಿಮೀಟರ್, 8 ಮಿಲಿಗ್ರಾಂದು 40. ಅಂದರೆ ಅಗಲವೇ ಡೋಸ್. ಅರ್ಧ ಎದ್ದಿದ್ದರೆ ಡಬ್ಬಿಯ ಮೇಲೆ ಎಷ್ಟು ಬರೆದಿದ್ದರೇನು?

ನಿಜವಾದ ಅಪಾಯ ಬಂದದ್ದು ಆಮೇಲೆ. ಏಜೆನ್ಸಿಯವರು ಬೇರೊಬ್ಬರನ್ನು ಕಳಿಸಿದರು. ಆಕೆ ಕೆಲಸ ಬಲ್ಲವರು, ಒಣ ಚರ್ಮದ ಮೇಲೆ ನೀಟಾಗಿ ಹಾಕಿದರು. ಪ್ಯಾಚ್ ಪೂರ್ತಿ ಅಂಟಿತು. ಆದರೆ ಅಷ್ಟೊತ್ತಿಗೆ ಅದು 8 ಆಗಿತ್ತಲ್ವಾ! ಕೆಲವೇ ದಿನಗಳಲ್ಲಿ ಅಪ್ಪ ಸೋಫಾ ಮೇಲೆ ಯಾರೋ ಕೂತಿದ್ದಾರೆ, ಅವರಿಗೆ ಕಾಫಿ ಕೊಡಿ ಅನ್ನತೊಡಗಿದರು. ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ. ಒಂದು ರಾತ್ರಿ ಬಚ್ಚಲಿನಲ್ಲಿ ಬಿದ್ದರು. ಎಮರ್ಜೆನ್ಸಿಯಲ್ಲಿದ್ದ ನರ್ಸ್ ಮೊದಲು ಪ್ಯಾಚ್ ನೋಡಿದರು, ಮೊದಲಿಂದಲೂ ಹೀಗೇ ಅಂಟುತ್ತಿತ್ತಾ ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ಎಲ್ಲ ಬಿಚ್ಚಿಕೊಂಡಿತು. ಭ್ರಮೆ, ತಲೆಸುತ್ತು ಎರಡೂ ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮಗಳೇ. ಕ್ಲಿನಿಕ್‌ನವರಿಗೆ ಅದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಕೋಪ ಬರುವುದು ಯಾಕೆಂದರೆ, ಅಂಟುವುದನ್ನು ಅಳೆಯಲು ಸುಲಭವಾದ ಪದ್ಧತಿ ಇದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ಯಾಚ್ ಪರೀಕ್ಷೆಗೆ 0ಯಿಂದ 4ರ ಅಂಕ ಹೇಳುತ್ತದೆ. ಶೇ. 90 ಅಥವಾ ಅದಕ್ಕಿಂತ ಹೆಚ್ಚು ಅಂಟಿದ್ದರೆ 0, ಶೇ. 75ರಿಂದ 90ರೊಳಗೆ 1, ಶೇ. 50ರಿಂದ 75ರೊಳಗೆ 2, ಅರ್ಧಕ್ಕಿಂತ ಕಡಿಮೆ ಇದ್ದರೆ 3, ಪೂರ್ತಿ ಕಳಚಿದರೆ 4. ಇದಕ್ಕೆ ಯಂತ್ರ ಬೇಡ, ಕಣ್ಣು ಸಾಕು. ಈಗ ಅಮ್ಮ ಬೆಳಗ್ಗೆ, ಮಧ್ಯಾಹ್ನ, ಮಲಗುವಾಗ ನೋಡಿ ಕ್ಯಾಲೆಂಡರ್‌ನಲ್ಲಿ ಅಂಕ ಬರೆಯುತ್ತಾರೆ, ನಾನು ಫೋಟೋ ತೆಗೆದು ಡಾಕ್ಟರಿಗೆ ಕಳಿಸುತ್ತೇನೆ. ಕಂಪನಿಗಳ ಅಂಟಿನ ಪರೀಕ್ಷೆ ಹೆಚ್ಚಾಗಿ ಆರೋಗ್ಯವಂತರ ಮೈಮೇಲೆ ನಡೆಯುತ್ತದೆ, ಬೆವರಿ ನಡುಗುವ ನಮ್ಮವರ ಮೈಮೇಲೆ ಏನಾಗುತ್ತದೆ ಅಂತ ನಾವೇ ನೋಡಬೇಕು.

ಹಾಕುವ ಜಾಗದಲ್ಲಿ ಲೋಷನ್, ಎಣ್ಣೆ, ಪೌಡರ್ ಯಾವುದೂ ಬೇಡ. ನಮ್ಮಲ್ಲಿ ಹಬ್ಬಕ್ಕೆ ಎಣ್ಣೆ ಸ್ನಾನ ಅಂದರೆ ಅಪ್ಪನಿಗೆ ಪ್ರಾಣ, ಆ ದಿನ ಸೋಪು ಹಾಕಿ ಜಿಡ್ಡು ತೆಗೆದು, ಒರೆಸಿ, ಚರ್ಮ ಪೂರ್ತಿ ಆರಿದ ಮೇಲೆಯೇ ಹಾಕುತ್ತೇವೆ. ಅಂಗೈಯಿಂದ 30 ಸೆಕೆಂಡ್ ಗಟ್ಟಿಯಾಗಿ ಒತ್ತಿ. ಕೂದಲಿದ್ದರೆ ಕನಿಷ್ಠ 3 ದಿನ ಮೊದಲೇ ಬೋಳಿಸಿ. ದಿನವೂ ಜಾಗ ಬದಲಿಸಿ, ಹಾಕಿದ ಜಾಗಕ್ಕೆ 14 ದಿನ ಮತ್ತೆ ಹಾಕಬೇಡಿ. ಅಂಚು ಮಾತ್ರ ಎದ್ದಿದ್ದರೆ ಬ್ಯಾಂಡೇಜ್ ಟೇಪ್ ಹಾಕಬಹುದು. ಪೂರ್ತಿ ಬಿದ್ದರೆ ಬೇರೆ ಜಾಗಕ್ಕೆ ಹೊಸದು ಹಾಕಿ, ಮರುದಿನ ಎಂದಿನ ಹೊತ್ತಿಗೇ ಬದಲಿಸಿ. ಅದರ ಮೇಲೆ ಹೀಟಿಂಗ್ ಪ್ಯಾಡ್ ಇಡಬಾರದು, ಬಿಸಿಗೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ.

ಹೊಸ ಪ್ಯಾಚಿನಲ್ಲಿ ಬಿಳಿ ಹರಳು ಕಂಡರೆ ಫಾರ್ಮಸಿಗೆ ವಾಪಸ್ ಕೊಡಿ. 2008ರಲ್ಲಿ ಹೀಗೆ ಹರಳುಗಟ್ಟಿದ್ದರಿಂದಲೇ ಅಮೆರಿಕದಲ್ಲಿ ಈ ಪ್ಯಾಚನ್ನು ಮಾರುಕಟ್ಟೆಯಿಂದ ತೆಗೆದಿದ್ದರು, ತಯಾರಿಸುವ ರೀತಿ ಬದಲಾಯಿಸಿದ ಮೇಲೆ 2012ರಲ್ಲಿ ಮತ್ತೆ ಬಂತು.

ಇದನ್ನು ಓದಿ ಹೆದರಿ ಪ್ಯಾಚ್ ಕಿತ್ತು ಎಸೆಯಬೇಡಿ. ಒಮ್ಮೆಲೇ ನಿಲ್ಲಿಸಿದರೆ ಜೋರು ಜ್ವರ, ಮೈ ಸೆಟೆದುಕೊಳ್ಳುವುದು, ಗೊಂದಲ ಬರಬಹುದು. ಅಪ್ಪನಿಗೂ ಡಾಕ್ಟರ್ 2 ಮಿಲಿಗ್ರಾಂನಂತೆ ಮೆಲ್ಲಗೆ ಇಳಿಸಿದರು. ಈಗ ಮತ್ತೆ 4ರಲ್ಲಿದ್ದಾರೆ, ಸೋಫಾ ಮೇಲೆ ಯಾರೂ ಕಾಣುತ್ತಿಲ್ಲ. ಆ ಕ್ಲಿನಿಕ್‌ಗೆ ನಾನು ಬರೆದ ದೂರಿಗೆ ಇನ್ನೂ ಉತ್ತರ ಬಂದಿಲ್ಲ.